ಜಹೀರಾಬಾದಿನ ಕಾರೂ ಅದರೊಳಗಿನ ಸ್ವಿಚ್ಚೂ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಎಂಬ ಹೆಸರುಗಳು ನಮ್ಮ ಓದುಗರಲ್ಲಿ ಕೆಲವರಿಗಾದರೂ ಪರಿಚಿತವಿರಬಹುದು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿಕೊಂಡು ಕೇರಳಕ್ಕೆ ಸೇರಿತಷ್ಟೆ. ಅದೇ ದಿನ, ಅದೇ ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಅಡಿಯಲ್ಲಿ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಭಾಗ ಮತ್ತು ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕು ಆಂಧ್ರಪ್ರದೇಶದ ಪಾಲಾದವು. 2014ರಿಂದ ಅವು ತೆಲಂಗಾಣದಲ್ಲಿವೆ. ಅಲ್ಲಿನ ಹಳ್ಳಿಗಳಲ್ಲಿ ಇಂದಿಗೂ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಬೆರೆತ ಮಾತು ಎಂಬ ಸ್ಥಿತಿಯಿರುವ ಮನೆಗಳು ಬೇಕಾದಷ್ಟಿವೆ. ಈ ಸ್ಥಿತಿಯನ್ನು ನಮ್ಮವರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಕಳೆದ ವರ್ಷದ ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ ನಾವು ಆ ಕಡೆಗೆ ಹೋಗಿದ್ದೆವು. ಗಡಿನಾಡಿನ ಒಂದು ಸಭೆಯಲ್ಲಿ ಪರಿಚಯವಾಗಿ ಆಮೇಲೆ ಆತ್ಮೀಯರಾದ ಶಿಕ್ಷಕ ಮಿತ್ರರೊಬ್ಬರ ಮಗಳ ಮದುವೆ. ಬೀದರದಲ್ಲಿ ರೈಲಿಳಿದಾಗ ಮಿತ್ರರ ತಮ್ಮನ ಮಗ ಕಾರು ತಂದು ನಿಂತಿದ್ದ. ಮೂವತ್ತರ ಆಸುಪಾಸಿನ ಯುವಕ. ಕಬ್ಬು, ಶುಂಠಿ ಬೆಳೆಯುತ್ತಾನೆ. ಬೆಳಿಗ್ಗೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ನೆರೆಮನೆಯ ಮೂರು ಮಕ್ಕಳನ್ನೂ ಅದೇ ಕಾರಿನಲ್ಲಿ ಜಹೀರಾಬಾದಿನ ಶಾಲೆಗೆ ಮುಟ್ಟಿಸಿ ಬರುತ್ತಾನೆ. ಹೆದ್ದಾರಿಯಿಂದ ಅವರ ಹಳ್ಳಿಗೆ ಮೂರು ಕಿಲೋಮೀಟರು ಕೆಂಪು ಮೊರಂ ರಸ್ತೆ. ನಮ್ಮಲ್ಲಿ ಮನೆ ಕಟ್ಟುವ ಮುರಕಲ್ಲು ಇದೆಯಲ್ಲ, ಬೀದರದ ಎತ್ತರದ ನೆಲವೂ ಅದೇ ಜಾತಿಯ ಕಲ್ಲಿನದು. ಅದು ಪುಡಿಯಾಗಿ ಹರಡಿದ ರಸ್ತೆಯ ಮೇಲೆ ನಡೆದರೆ ಚಪ್ಪಲಿಯ ಕೆಳಗೆ ಹರಳುಗಳು ಉರುಳುತ್ತವೆ.

ಆ ರಸ್ತೆಗೆ ಇಳಿಯುವ ಮೊದಲು ಹುಡುಗ ಎಡಗೈ ಚಾಚಿ ಡ್ಯಾಶ್‌ಬೋರ್ಡಿನ ಕೆಳಗಿದ್ದ ಒಂದು ಪುಟ್ಟ ಸ್ವಿಚ್ಚನ್ನು ಟಕ್ಕೆಂದು ಕೆಳಗೆ ಮಾಡಿದ. ಕಂಪನಿಯವರು ಇಟ್ಟ ಸ್ವಿಚ್ಚಲ್ಲವೆಂದು ನೋಡಿದಾಗಲೇ ತಿಳಿಯುತ್ತಿತ್ತು. ಅದರ ಮೇಲೆ ಬರಹವಿರಲಿಲ್ಲ, ಗುರುತಿರಲಿಲ್ಲ. ಮೀಟರುಗಳ ಸಾಲಿನಲ್ಲಿ ಒಂದು ಕಡೆ ಉಗುರಿನಷ್ಟಗಲ ಕಪ್ಪು ಟೇಪು ಅಂಟಿಸಿತ್ತು.

"ಇದೇನಪ್ಪ?" ಎಂದೆವು.

"ಅದು ಎ.ಬಿ.ಎಸ್. ಬಂದ್ ಮಾಡೋ ಬಟನ್ ರೀ ಸರ್. ಮೊರಂ ರಸ್ತಾದಾಗ ಅದು ಚಾಲೂ ಇದ್ರ ಗಾಡಿ ನಿಲ್ಲಂಗಿಲ್ರಿ. ಕಾಲಿನ ಕೆಳಗ ಗರಗರ ಅಂತದ, ಗಾಡಿ ಮುಂದ ಮುಂದ ಹೋಗ್ತನೇ ಇರ್ತದ."

ಎರಡು ವರ್ಷದ ಹಿಂದೆ ಅದೇ ರಸ್ತೆಯ ತಿರುವಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು ಎದುರಾಗಿತ್ತಂತೆ. ಬ್ರೇಕನ್ನು ಬುಡದವರೆಗೆ ಒತ್ತಿದರೂ ಕಾರು ನಿಲ್ಲದೆ ಹೋಗಿ ಚರಂಡಿಯಲ್ಲಿ ಮೂತಿ ಇಟ್ಟಿತು. ಅದಾದ ಮೇಲೆ ಹತ್ತಿರದ ಒಂದು ಗ್ಯಾರೇಜಿನಲ್ಲಿ ಈ ಸ್ವಿಚ್ಚು ಹಾಕಿಸಿಕೊಂಡ. ಜಹೀರಾಬಾದಿನಲ್ಲಿ ಗಾಡಿಯ ಕೆಲಸ ಬಲ್ಲವರಿಗೆ ಬರಗಾಲವಿಲ್ಲ. 1980ರ ದಶಕದಲ್ಲಿ ಅಲ್ಲಿ ಆಲ್ವಿನ್-ನಿಸಾನ್ ಲಘು ಲಾರಿಗಳ ಕಾರ್ಖಾನೆ ಬಂತು. ಮುಂದೆ ಅದು ಮಹೀಂದ್ರದವರ ಕೈಗೆ ಹೋಯಿತು, ಈಗ ಆ ಊರಿನಲ್ಲಿ ಅವರ ಟ್ರ್ಯಾಕ್ಟರುಗಳೂ ತಯಾರಾಗುತ್ತವೆ. ಸ್ಪ್ಯಾನರು ಹಿಡಿಯಲು ಅರಿಯದ ಹುಡುಗ ಆ ಕಡೆ ಅಪರೂಪ.

ನಾವು ಕಲಿಸುವುದು ಕನ್ನಡವನ್ನಾದರೂ ಇಂಥದ್ದು ಕಣ್ಣಿಗೆ ಬಿದ್ದರೆ ಸುಮ್ಮನಿರಲಾಗುವುದಿಲ್ಲ. ಟಿ.ಸಿ.ಎಚ್. ಕಲಿಯುವಾಗ ಮಾಡಿದ ವಿಜ್ಞಾನ ಪ್ರಯೋಗಗಳ ಚಟ ಇನ್ನೂ ಬಿಟ್ಟಿಲ್ಲ. ಮರುದಿನ ಬೆಳಿಗ್ಗೆ ಮದುವೆ ಮನೆಯಲ್ಲಿ ಚಪ್ಪರದ ಗದ್ದಲ ನಡೆಯುತ್ತಿರುವಾಗ ಹುಡುಗನನ್ನೂ ಕಾರನ್ನೂ ಕರೆದುಕೊಂಡು ಆ ಮೊರಂ ರಸ್ತೆಗೆ ಹೋದೆವು. ರಸ್ತೆಯ ಬದಿಗೆ ಒಂದು ಕಲ್ಲಿಟ್ಟು, ಮುಳ್ಳು ನಲವತ್ತಕ್ಕೆ ಬಂದಾಗ ಆ ಕಲ್ಲಿನ ನೇರಕ್ಕೆ ಬ್ರೇಕು ಒತ್ತಬೇಕೆಂದು ಹೇಳಿದೆವು. ಮೂರು ಸಲ ಸ್ವಿಚ್ಚು ಮೇಲೆ, ಮೂರು ಸಲ ಕೆಳಗೆ. ಅಳತೆಗೆ ನಮ್ಮ ಹೆಜ್ಜೆಯೇ ಗತಿ. ಎ.ಬಿ.ಎಸ್. ಇದ್ದಾಗ ಕಾರು ಸರಿಸುಮಾರು ಐದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಿತ್ತು. ಹುಡುಗ ಹೇಳಿದ್ದು ನಿಜ. ನಾವು ಅದನ್ನು ನಿರೀಕ್ಷಿಸಿರಲಿಲ್ಲ.

ಕಾರಣ ಮಾತ್ರ ರಸ್ತೆಯ ಮೇಲೆಯೇ ಕಾಣುತ್ತಿತ್ತು. ಎ.ಬಿ.ಎಸ್. ಇಲ್ಲದಾಗ ಚಕ್ರ ತಿರುಗುವುದನ್ನು ನಿಲ್ಲಿಸಿ ಮೊರಮ್ಮನ್ನು ಉತ್ತುಕೊಂಡು ಹೋಗಿತ್ತು. ಚಕ್ರದ ಮುಂದೆ ಹರಳುಗಳ ಸಣ್ಣದೊಂದು ದಿಬ್ಬ. ಆ ದಿಬ್ಬವೇ ಕಾರಿಗೆ ಅಡ್ಡಗಟ್ಟೆಯಾಗಿ ನಿಂತಿತ್ತು. ಎ.ಬಿ.ಎಸ್. ಇದ್ದಾಗ ಚಕ್ರ ಉರುಳುತ್ತಲೇ ಇರುವುದರಿಂದ ದಿಬ್ಬ ಕಟ್ಟಿಕೊಳ್ಳುವುದೇ ಇಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯವರು ಹಲವು ಬಗೆಯ ನೆಲಗಳ ಮೇಲೆ ಇದನ್ನೇ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಇದೇ ಮಾತಿದೆ. ಹೆಚ್ಚಿನ ನೆಲಗಳ ಮೇಲೆ ಎ.ಬಿ.ಎಸ್. ಕಾರನ್ನು ಬೇಗ ನಿಲ್ಲಿಸಿತು. ಸಡಿಲ ಜಲ್ಲಿಯ ಮೇಲೆ ಮಾತ್ರ ನಿಲ್ಲುವ ದೂರ ಸರಾಸರಿ ಶೇಕಡಾ 27ರಷ್ಟು ಹೆಚ್ಚಿತು. ಜರ್ಮನಿಯ ಆಡಿ ಕಂಪನಿಯವರು 1980ರ ದಶಕದ ತಮ್ಮ ಕ್ವಾಟ್ರೋ ಕಾರುಗಳಲ್ಲಿ ಎ.ಬಿ.ಎಸ್. ನಿಲ್ಲಿಸುವ ಸ್ವಿಚ್ಚನ್ನು ತಾವಾಗಿಯೇ ಇಟ್ಟಿದ್ದರು. ನಮ್ಮ ದೇಶದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನಲ್ಲಿಯೂ 2020ರಿಂದ ಹಿಂದಿನ ಚಕ್ರದ ಎ.ಬಿ.ಎಸ್. ಅನ್ನು ಸವಾರನೇ ನಿಲ್ಲಿಸುವ ಅನುಕೂಲವಿದೆ. ಹಾಗಾಗಿ ಹುಡುಗನನ್ನು ದಡ್ಡನೆಂದು ತಳ್ಳಿಹಾಕುವಂತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಜೋಳದ ರೊಟ್ಟಿ ಬಡಿಸುತ್ತಿದ್ದ ಅವನ ಹೆಂಡತಿ, "ತಾಂಡೂರ ರಸ್ತಾದಾಗ ಆಗಿದ್ದೂ ಹೇಳ್ರಿ ಸರಿಗೆ" ಎಂದಳು. ಹುಡುಗ ತಲೆ ತಗ್ಗಿಸಿದ. ಅವಳೇ ಹೇಳಿದಳು.

ಆಷಾಢದಲ್ಲಿ ತಾಂಡೂರಿನ ನೆಂಟರ ಮನೆಯಿಂದ ರಾತ್ರಿ ಹಿಂದಿರುಗುತ್ತಿದ್ದರು. ಜಿನುಗು ಮಳೆ. ಹಾಸುಗಲ್ಲಿನ ಊರೆಂದು ಹೆಸರಾದ ತಾಂಡೂರಿನ ಆಚೀಚೆ ಕಲ್ಲಿನ ಲಾರಿಗಳ ಓಡಾಟ ಹೆಚ್ಚು. ಮುಂದಿದ್ದ ಲಾರಿ ಒಮ್ಮೆಲೇ ನಿಧಾನಿಸಿತು. ಇವನು ಬ್ರೇಕು ಒತ್ತಿದ. ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿ, ಇಡೀ ಕಾರು ಬುಗುರಿಯ ಹಾಗೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರೂ ನಿದ್ದೆಯಲ್ಲಿದ್ದರು. ಎದುರಿನಿಂದ ಬೇರೆ ಗಾಡಿ ಬರುತ್ತಿರಲಿಲ್ಲ, ಅಷ್ಟೇ ಪುಣ್ಯ. ಟಯರು ಸವೆದದ್ದೇ ಕಾರಣವೆಂದು ಮರುವಾರ ನಾಲ್ಕೂ ಹೊಸ ಟಯರು ಹಾಕಿಸಿದನಂತೆ.

"ಆವಾಗ ಬಟನ್ ಮ್ಯಾಲಿತ್ತೋ ಕೆಳಗಿತ್ತೋ?" ಎಂದು ಮಿತ್ರರು ಕೇಳಿದರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಳಗೇ ಇತ್ತು ಕಾಕಾ. ಮುಂಜಾನಿ ಊರಿಂದ ಹೊಂಟಾಗ ಮಾಡಿದ್ದು, ಮ್ಯಾಲ ಮಾಡೋದು ಮರ್ತಿದ್ದೆ" ಎಂದ. ನೆನಪಿಸಲು ದೀಪವಿತ್ತಲ್ಲವೆ? ಎ.ಬಿ.ಎಸ್. ಕೆಲಸ ಮಾಡದಿದ್ದರೆ ಹಳದಿ ದೀಪ ಉರಿಯುತ್ತದೆ. ಸದಾ ಕಣ್ಣಿಗೆ ಚುಚ್ಚುತ್ತದೆಂದು ಗ್ಯಾರೇಜಿನವರು ಅದರ ಮೇಲೆ ಟೇಪು ಅಂಟಿಸಿಕೊಟ್ಟಿದ್ದರು.

ನಮ್ಮಲ್ಲಿ ಕಲಿತ ಹುಡುಗನೊಬ್ಬ ಮಂಗಳೂರಿನ ಒಂದು ಸರ್ವಿಸ್ ಸ್ಟೇಷನ್ನಿನಲ್ಲಿದ್ದಾನೆ. ಕೂಡಲೇ ಅವನಿಗೆ ಫೋನು ಮಾಡಿದೆವು. ಪೂರ್ತಿ ಕೇಳಿಸಿಕೊಂಡು, "ಮಾಷ್ಟ್ರೇ, ಮೊದಲು ಆ ಸ್ವಿಚ್ಚು ತೆಗೀಲಿಕ್ಕೆ ಹೇಳಿ ಅವರತ್ರ. ಕರೆಂಟೇ ಕಟ್ ಮಾಡಿದ್ರೆ ಎ.ಬಿ.ಎಸ್. ಮಾತ್ರ ಅಲ್ಲ, ಹಿಂದಿನ ಚಕ್ರದ ಲೆಕ್ಕವೂ ಹೋಗ್ತದೆ" ಎಂದ.

ಈ 'ಹಿಂದಿನ ಚಕ್ರದ ಲೆಕ್ಕ' ಎಂಬುದನ್ನು ಓದುಗರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಪ್ರತಿಯೊಂದು ಚಕ್ರದ ಬಳಿ ಅದರ ವೇಗವನ್ನು ಅಳೆಯುವ ಸಣ್ಣದೊಂದು ಸಾಧನವಿರುತ್ತದೆ. ಬ್ರೇಕು ಒತ್ತಿದಾಗ ಯಾವುದೇ ಚಕ್ರ ಉಳಿದವುಗಳಿಗಿಂತ ಬೇಗ ನಿಂತುಹೋಗುವ ಲಕ್ಷಣ ಕಂಡರೆ ಅದಕ್ಕೆ ಹೋಗುವ ಎಣ್ಣೆಯ ಒತ್ತಡವನ್ನು ಯಂತ್ರವೇ ಇಳಿಸಿ ಏರಿಸುತ್ತದೆ, ಅದೂ ಕ್ಷಣವೊಂದಕ್ಕೆ ಹಲವು ಸಲ. ಕಾಲಿಗೆ ಗರಗರ ಎನ್ನಿಸುವುದು ಅದೇ. ಬಾವಿಕಟ್ಟೆಯ ಪಾಚಿಯ ಮೇಲೆ ಬಲ್ಲವರು ಹೆಜ್ಜೆಯೂರಿ, ಸಡಿಲಿಸಿ, ಮತ್ತೆ ಊರಿ ನಡೆಯುತ್ತಾರಲ್ಲ, ಅಂಥದ್ದು. ತಿರುಗುವ ಚಕ್ರ ಮಾತ್ರ ಸ್ಟಿಯರಿಂಗಿನ ಮಾತು ಕೇಳುತ್ತದೆ. ಕಚ್ಚಿ ನಿಂತ ಮುಂದಿನ ಚಕ್ರವನ್ನು ಎತ್ತ ತಿರುಗಿಸಿದರೂ ಕಾರು ನೇರಕ್ಕೇ ಹೋಗುತ್ತದೆ. ಆದ್ದರಿಂದ ಎ.ಬಿ.ಎಸ್. ಇರುವುದು ಬೇಗ ನಿಲ್ಲಿಸುವುದಕ್ಕೆ ಎನ್ನುವುದಕ್ಕಿಂತ, ಬ್ರೇಕು ಒತ್ತುತ್ತಲೇ ತಪ್ಪಿಸಿಕೊಂಡು ಹೋಗಲು ಬರಬೇಕೆಂಬುದಕ್ಕೆ ಎನ್ನುವುದು ಸರಿ. 1978ರಲ್ಲಿ ಬಾಷ್ ಕಂಪನಿಯ ಈ ಸಾಧನ ಮರ್ಸಿಡಿಸ್ ಕಾರಿನಲ್ಲಿ ಮೊದಲು ಬಂದಾಗಲೂ ಅದರ ಹೆಚ್ಚುಗಾರಿಕೆಯೆಂದು ತೋರಿಸಿದ್ದು ಇದನ್ನೇ.

ಇನ್ನು ಹಿಂದಿನ ಚಕ್ರ. ಬ್ರೇಕು ಒತ್ತಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುತ್ತವೆ. ಅವು ಮುಂದಿನವುಗಳಿಗಿಂತ ಮೊದಲು ಕಚ್ಚಿಕೊಂಡರೆ ಕಾರಿನ ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ಅದೇ ಬುಗುರಿ. ಹಳೆಯ ಕಾರುಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಮಿತಿಯಲ್ಲಿಡಲು ಬೇರೆಯೇ ಒಂದು ವಾಲ್ವು ಇರುತ್ತಿತ್ತು. ಈಗಿನ ಕಾರುಗಳಲ್ಲಿ ಆ ಕೆಲಸವನ್ನೂ ಸಾಮಾನ್ಯವಾಗಿ ಎ.ಬಿ.ಎಸ್. ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ. ಅದಕ್ಕೆ ಇ.ಬಿ.ಡಿ. ಎನ್ನುತ್ತಾರೆ. ಪೆಟ್ಟಿಗೆಗೆ ಹೋಗುವ ಕರೆಂಟನ್ನೇ ಸ್ವಿಚ್ಚಿನಿಂದ ತಪ್ಪಿಸಿದರೆ ಎರಡೂ ಹೋದವು. ಆಗ ಉಳಿಯುವುದು ಹಳೆಯ ಕಾಲದ ಕಾರಲ್ಲ, ಹಳೆಯ ಕಾರಿಗಿದ್ದ ವಾಲ್ವೂ ಇಲ್ಲದ ಕಾರು. ಆಡಿಯವರಂಥವರು ಸ್ವಿಚ್ಚು ಇಡುವಾಗ ಇದನ್ನೆಲ್ಲ ಲೆಕ್ಕ ಹಾಕಿಯೇ ಇಡುತ್ತಾರೆ. ಗ್ಯಾರೇಜಿನ ತಂತಿಗೆ ಆ ಲೆಕ್ಕ ಗೊತ್ತಿಲ್ಲ.

ಕಾರಿನ ಕೈಪಿಡಿ ಎಲ್ಲಿದೆಯೆಂದು ಕೇಳಿದಾಗ ಹುಡುಗ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದ ದಪ್ಪ ಪುಸ್ತಕ ತಂದಿಟ್ಟ. ಇಂಗ್ಲಿಷು. ಬ್ರೇಕಿನ ಅಧ್ಯಾಯದಲ್ಲಿ, ಜಲ್ಲಿ ಮತ್ತು ಸಡಿಲ ನೆಲದಲ್ಲಿ ನಿಲ್ಲುವ ದೂರ ಹೆಚ್ಚಬಹುದು, ವೇಗ ಕಡಿಮೆ ಮಾಡಿ ಅಂತರ ಇಟ್ಟುಕೊಳ್ಳಿ ಎಂದು ಎರಡು ಸಾಲಿನಲ್ಲಿ ಬರೆದೇ ಇತ್ತು. ಹುಡುಗ ಓದಿದ್ದು ತೆಲುಗು ಮಾಧ್ಯಮದಲ್ಲಿ, ಮನೆಮಾತು ಕನ್ನಡ, ಗ್ಯಾರೇಜಿನಲ್ಲಿ ಮಾತಾಡಿದ್ದು ಉರ್ದು. ಮೂರು ಭಾಷೆ ಬಲ್ಲವನಿಗೆ ನಾಲ್ಕನೆಯದರಲ್ಲಿ ಬರೆದ ಎರಡು ಸಾಲು ತಲುಪಲಿಲ್ಲ. ನಮ್ಮ ಮನೆಯ ಮಿಕ್ಸಿಯ ಪುಸ್ತಕವನ್ನು ನಾವಾದರೂ ಓದಿದ್ದೇವೆಯೇ ಎಂದು ಕೇಳಿದರೆ ಉತ್ತರವಿಲ್ಲ.

ಇದು ದೂರದ ಊರಿನ ಕಥೆಯೆಂದು ಓದುಗರು ಪುಟ ಮಗುಚಬಾರದು. ನಮ್ಮ ಬದಿಯಡ್ಕ, ಮುಳ್ಳೇರಿಯ, ಪೈವಳಿಕೆಯ ಕಡೆಯ ತೋಟದ ರಸ್ತೆಗಳಲ್ಲಿಯೂ ಇದೇ ಕೆಂಪು ಹರಳುಗಳಿವೆ. 2018ರ ಏಪ್ರಿಲಿನಿಂದ ಹೊಸ ಮಾದರಿಯ ಕಾರುಗಳಿಗೂ, 2019ರ ಏಪ್ರಿಲಿನಿಂದ ತಯಾರಾಗುವ ಎಲ್ಲ ಕಾರುಗಳಿಗೂ ಎ.ಬಿ.ಎಸ್. ಕಡ್ಡಾಯವಾಯಿತು. 125 ಸಿ.ಸಿ.ಗಿಂತ ದೊಡ್ಡ ಬೈಕುಗಳಿಗೂ ಹಾಗೆಯೇ. ಆ ಬೈಕುಗಳ ಫ್ಯೂಸು ಕಿತ್ತಿಟ್ಟು ಹಿಂದಿನ ಚಕ್ರ ಜಾರಿಸಿ ತೋರಿಸುವ ಹುಡುಗರು ನಮ್ಮ ಶಾಲೆಯ ಗೇಟಿನ ಎದುರಿನಲ್ಲಿಯೇ ಕಾಣಸಿಗುತ್ತಾರೆ. ಅವರದು ಮೊರಂ ರಸ್ತೆಯ ಕಷ್ಟವೂ ಅಲ್ಲ.

ಕಾನೂನಿನ ಮಾತು ಬೇರೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ಇಂಥ ಬದಲಾವಣೆಗಳನ್ನು ತಡೆಯುತ್ತದೆ. 2019ರ ಜನವರಿಯಲ್ಲಿ, ನಮ್ಮ ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ, ಕಂಪನಿ ಕೊಟ್ಟ ರೂಪದಿಂದ ವಾಹನವನ್ನು ಬದಲಾಯಿಸಬಾರದೆಂದು ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗಿನ ಸಜೆ, ಇಲ್ಲವೆ ಎರಡೂ. ಅಪಘಾತವಾದ ಮೇಲೆ ವಿಮಾ ಕಂಪನಿಯವರು ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿದರೆ ಏನು ಉತ್ತರ ಕೊಡುವುದು?

ಎ.ಬಿ.ಎಸ್. ಇದೆಯೆಂಬ ಧೈರ್ಯವೂ ಅತಿಯಾಗಬಾರದು ಅನ್ನಿ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಮಾತ್ರ ಎ.ಬಿ.ಎಸ್. ಹಾಕಿ ನೋಡಿದರು. ಅಪಘಾತಗಳು ಇಳಿಯಲಿಲ್ಲ. ಅದಿದ್ದವರು ಮುಂದಿನ ಗಾಡಿಗೆ ಹೆಚ್ಚು ಅಂಟಿಕೊಂಡು, ತಿರುವುಗಳಲ್ಲಿ ಹೆಚ್ಚು ಬಿರುಸಾಗಿ ಓಡಿಸುತ್ತಿದ್ದರು.

"ಹಂಗಾದ್ರ ಮೊರಂ ರಸ್ತಾದಾಗ ನಾ ಏನ್ ಮಾಡ್ಲಿ ರೀ ಸರ್?" ಎಂದು ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಮೂರು ಕಿಲೋಮೀಟರನ್ನು ಇಪ್ಪತ್ತೈದರ ವೇಗದಲ್ಲಿ ಹೋಗು, ತಿರುವಿನಲ್ಲಿ ಹಾರನ್ನು ಹಾಕು ಎಂದೆವು. ನಲವತ್ತರಲ್ಲಿ ಹೋದರೆ ನಾಲ್ಕೂವರೆ ನಿಮಿಷ, ಇಪ್ಪತ್ತೈದರಲ್ಲಿ ಏಳು ನಿಮಿಷ ಚಿಲ್ಲರೆ ಎಂದು ಕಾಗದದ ಮೇಲೆ ಲೆಕ್ಕ ಮಾಡಿಯೂ ತೋರಿಸಿದೆವು. ಅವನಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ. "ರಸ್ತಾ ಡಾಂಬರ್ ಮಾಡ್ರಿ ಅಂತ ಆರು ವರ್ಷದಿಂದ ಅರ್ಜಿ ಕೊಡ್ಲಿಕ್ಕತ್ತೀವಿ" ಎಂದು ಮಿತ್ರರು ಒಳಗಿನಿಂದಲೇ ಹೇಳಿದರು.

ಮದುವೆಯ ಮರುದಿನ ನಮ್ಮನ್ನು ಬೀದರಕ್ಕೆ ಬಿಡಲು ಹೊರಟಾಗ ಹುಡುಗ ಕಾರನ್ನು ಮೊದಲು ಅದೇ ಗ್ಯಾರೇಜಿಗೆ ತಿರುಗಿಸಿದ. ಮೇಸ್ತ್ರಿ ಗೊಣಗುತ್ತಲೇ ಅರ್ಧ ಗಂಟೆಯಲ್ಲಿ ತಂತಿಗಳನ್ನು ಬಿಡಿಸಿ ಮೊದಲಿನಂತೆ ಜೋಡಿಸಿದ. ಸ್ವಿಚ್ಚನ್ನು ಕಿತ್ತರೆ ತೂತು ಕಾಣುತ್ತದೆಂದು ಅದನ್ನು ಅಲ್ಲಿಯೇ ಬಿಟ್ಟ. ಹುಡುಗ ಉಗುರಿನಿಂದ ಕೆರೆದು ಕಪ್ಪು ಟೇಪು ತೆಗೆದು ಕೀಲಿ ತಿರುಗಿಸಿದ. ಹಳದಿ ದೀಪ ಹೊತ್ತಿ, ಮೂರೆಣಿಸುವಷ್ಟರಲ್ಲಿ ಆರಿತು. ನಮ್ಮೊಂದಿಗೆ ಹೊರಟಿದ್ದ ಅವನ ಕಿರಿಯ ಮಗಳು ದಾರಿಯುದ್ದಕ್ಕೂ ನಮ್ಮ ತೊಡೆಯ ಮೇಲೆ ಕುಳಿತು ಆ ಸ್ವಿಚ್ಚನ್ನು ಟಕ್ ಟಕ್ ಎಂದು ಮೇಲೆ ಕೆಳಗೆ ಮಾಡುತ್ತಿದ್ದಳು.