ಗಾಡಿಗೆ ಸ್ಟಿಕ್ಕರ್ ಹಾಕುವಾಗ ಅಂದವೂ ಇರಲಿ, ಅದಬೂ ಇರಲಿ

ನಮ್ಮ ಕರಾವಳಿಯಲ್ಲಿ ಮನೆಗೆ ಹೊಸ ಗಾಡಿ ಬಂದರೆ ಎರಡು ಕೆಲಸ ತಪ್ಪುವುದಿಲ್ಲ. ಒಂದು, ಉಸ್ತಾದರನ್ನು ಕರೆದು ದುಆ ಮಾಡಿಸುವುದು. ಇನ್ನೊಂದು, ಸ್ಟಿಕ್ಕರ್ ಅಂಗಡಿಗೆ ಹೋಗುವುದು. ಆಟೋರಿಕ್ಷಾ ಇರಲಿ, ದಕ್ಕೆಯಿಂದ ಮೀನು ಸಾಗಿಸುವ ಟೆಂಪೋ ಇರಲಿ, ಗಲ್ಫ್‌ನಲ್ಲಿ ದುಡಿದ ಹಣದಲ್ಲಿ ತೆಗೆದ ಕಾರು ಇರಲಿ, ಎಲ್ಲೋ ಒಂದು ಕಡೆ 'ಮಾಶಾ ಅಲ್ಲಾಹ್', 'ಬಿಸ್ಮಿಲ್ಲಾಹ್' ಅಥವಾ 786 ಇದ್ದೇ ಇರುತ್ತದೆ.

ಒಳ್ಳೆಯದೇ. ಆದರೆ ಒಂದು ಮಳೆಗಾಲ ಕಳೆದ ಮೇಲೆ ಅದೇ ಗಾಡಿಯನ್ನು ನೋಡಿ. ಅಂಚು ಎದ್ದಿರುತ್ತದೆ, ಎದ್ದ ಅಂಚಿಗೆ ಕೆಸರು ಹಿಡಿದಿರುತ್ತದೆ, ಅರ್ಧ ಅಕ್ಷರ ಕಿತ್ತು ಹೋಗಿರುತ್ತದೆ. ಹೂವಿನ ಚಿತ್ರವೋ ಅಂಗಡಿಯ ಹೆಸರೋ ಆಗಿದ್ದರೆ ಅಂದ ಕೆಟ್ಟಿತು, ಅಷ್ಟೆ. ಅಲ್ಲಾಹನ ನಾಮ ಆಗಿದ್ದರೆ? ಚರಂಡಿಗೆ, ರಸ್ತೆಗೆ ಬಿದ್ದ ಆ ಚೂರಿನ ಮೇಲೆ ನಾಳೆ ಯಾರದೋ ಚಪ್ಪಲಿ, ಯಾರದೋ ಟಯರು. ಹಾಗಾಗಿ ಸ್ಟಿಕ್ಕರ್ ಗಟ್ಟಿಯಾಗಿ ಕೂರಿಸುವುದು ಹೇಗೆ, ಕೆಟ್ಟರೆ ಸರಿ ಮಾಡುವುದು ಹೇಗೆ, ತೆಗೆಯುವುದು ಹೇಗೆ ಅಂತ ತಿಳಿದುಕೊಳ್ಳುವುದು ನಮಗೆ ಬರೀ ಅಲಂಕಾರದ ವಿಷಯ ಅಲ್ಲ.

ಮೊದಲು ಜಾಗ ನೋಡಿ

ಮಡ್‌ಗಾರ್ಡ್, ಚಕ್ರದ ಹಿಂದಿನ ರಬ್ಬರ್, ಬಂಪರಿನ ಕೆಳಭಾಗ, ಕಾಲಿಡುವ ಮೆಟ್ಟಿಲು - ಇಲ್ಲೆಲ್ಲ ಪವಿತ್ರ ನಾಮಗಳನ್ನು ಹಾಕಲೇಬಾರದು. ಕೆಸರು, ಕಲ್ಲು, ಮೀನಿನ ಟೆಂಪೋದ ಉಪ್ಪುನೀರು ಎಲ್ಲ ಬೀಳುವುದು ಅಲ್ಲಿಗೇ. ಬೈಕಿನ ಪೆಟ್ರೋಲ್ ಟ್ಯಾಂಕ್ ಕೂಡ ಬೇಡ. ಸವಾರನ ತೊಡೆ ಉಜ್ಜುತ್ತದೆ, ಮುಚ್ಚಳದ ಹತ್ತಿರ ಚೆಲ್ಲಿದ ಪೆಟ್ರೋಲು ಅಂಟನ್ನು ಕರಗಿಸುತ್ತದೆ. ಬಣ್ಣ ಹಚ್ಚದ, ತರಿತರಿಯಾದ ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಯಾವ ಸ್ಟಿಕ್ಕರೂ ಸರಿಯಾಗಿ ಕೂರುವುದಿಲ್ಲ. ಎತ್ತರದ, ಸಮತಟ್ಟಾದ, ಬಣ್ಣ ಹಚ್ಚಿದ ತಗಡು ಒಳ್ಳೆಯ ಜಾಗ.

ಗ್ಲಾಸಿನ ವಿಷಯದಲ್ಲಿ ಕಾನೂನೂ ಉಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗ್ಲಾಸಿನಲ್ಲಿ ಕನಿಷ್ಠ ಶೇ. 70, ಬದಿಯ ಗ್ಲಾಸಿನಲ್ಲಿ ಶೇ. 50 ಬೆಳಕು ಹಾದುಹೋಗಬೇಕು. ಹಿಂದಿನ ಗ್ಲಾಸನ್ನೆಲ್ಲ ಮುಚ್ಚುವ ದೊಡ್ಡ ಸ್ಟಿಕ್ಕರ್ ಹಾಕಿದರೆ ರಿವರ್ಸ್ ತೆಗೆಯುವಾಗ ಅಂಗಳದಲ್ಲಿ ಆಡುವ ನಮ್ಮ ಮಕ್ಕಳೇ ಕಾಣಲಿಕ್ಕಿಲ್ಲ. ನಂಬರ್ ಪ್ಲೇಟಿನ ಮೇಲೆ ಏನನ್ನೂ ಅಂಟಿಸಬಾರದು. ಸರಕು ಗಾಡಿಗಳಿಗೆ ಮುಂದೆ ಬಿಳಿ, ಹಿಂದೆ ಕೆಂಪು, ಬದಿಯಲ್ಲಿ ಹಳದಿ ಹೊಳೆಯುವ ಪಟ್ಟಿ ಇರುತ್ತದೆ. ಅದರ ಮೇಲೂ ಬೇಡ. ರಾತ್ರಿ ಹೆದ್ದಾರಿ ಬದಿಯಲ್ಲಿ ನಿಂತ ಟೆಂಪೋ ಹಿಂದಿನಿಂದ ಬರುವವನಿಗೆ ಕಾಣುವುದು ಆ ಪಟ್ಟಿಯಿಂದ.

ಶೀಟಿನಲ್ಲಿ ಎರಡು ಬಗೆ

ಸ್ಟಿಕ್ಕರ್ ಅಂಗಡಿಯಲ್ಲಿ ಸಿಗುವ ವಿನೈಲ್ ಅಂದರೆ ಪಿವಿಸಿ ಪ್ಲಾಸ್ಟಿಕ್‌ನ ತೆಳು ಹಾಳೆ. ಒಂದು ಬಗೆಯನ್ನು ರೋಲರುಗಳ ನಡುವೆ ಒತ್ತಿ, ಎಳೆದು ತಯಾರಿಸುತ್ತಾರೆ. ಇದಕ್ಕೆ ಕ್ಯಾಲೆಂಡರ್ಡ್ ಅಂತ ಹೆಸರು. ಬೆಲೆ ಕಡಿಮೆ, ದಪ್ಪ ಸ್ವಲ್ಪ ಜಾಸ್ತಿ. ಎಳೆದು ಮಾಡಿದ್ದರಿಂದ ಬಿಸಿಲಿಗೆ ನಿಧಾನವಾಗಿ ಕುಗ್ಗುತ್ತದೆ. ಕುಗ್ಗಿದಾಗ ಅಂಚಿನಲ್ಲಿ ಅಂಟಿನ ಗೆರೆ ಉಳಿದು ಧೂಳು ಹಿಡಿಯುತ್ತದೆ. ಇನ್ನೊಂದನ್ನು ದ್ರವವಾಗಿ ಹೊಯ್ದು ಒಣಗಿಸುತ್ತಾರೆ. ಅದು ಕಾಸ್ಟ್ ವಿನೈಲ್. ತೆಳು, ಮೆದು, ಅಷ್ಟು ಕುಗ್ಗುವುದಿಲ್ಲ. ಬೆಲೆ ಮಾತ್ರ ಹೆಚ್ಚು. ಸಪಾಟು ಬಾಗಿಲಿಗೆ ಮೊದಲನೆಯದು ಸಾಕು. ಉಬ್ಬು ತಗ್ಗು ಇರುವಲ್ಲಿಗೆ ಎರಡನೆಯದನ್ನೇ ಕೇಳಿ. ಮೂಲೆಗಳನ್ನು ಚೂಪಾಗಿ ಬಿಡದೆ ಗುಂಡಗೆ ಕತ್ತರಿಸಲು ಹೇಳಿ. ಚೂಪು ಮೂಲೆಯೇ ಮೊದಲು ಏಳುವುದು.

ನುಖ್ತ ಮರೆಯಬೇಡಿ

ಮದ್ರಸದ ಒಂದನೇ ತರಗತಿಯಲ್ಲೇ ನಾವು ಮಕ್ಕಳಿಗೆ ಕಲಿಸುವುದು ಇದನ್ನು: ಕೆಳಗೆ ಒಂದು ಚುಕ್ಕಿ ಇದ್ದರೆ 'ಬಾ', ಮೇಲೆ ಎರಡಿದ್ದರೆ 'ತಾ', ಮೂರಿದ್ದರೆ 'ಸಾ'. ಚುಕ್ಕಿ ಹೋದರೆ ಅಕ್ಷರವೇ ಬೇರೆ. ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರಿನಲ್ಲಿ ಬೇಡದ ಭಾಗವನ್ನು ಎತ್ತಿ ತೆಗೆಯುವಾಗ ಮೊದಲು ಕಿತ್ತುಬರುವುದು ಈ ಸಣ್ಣ ಚುಕ್ಕಿಗಳೇ. ಅಂಟಿಸಿದ ಮೇಲೂ ಮೊದಲು ಉದುರುವುದು ಅವೇ. ಹಾಗಾಗಿ ಅರಬಿ ಬರಹವನ್ನು ಬಿಡಿ ಅಕ್ಷರವಾಗಿ ಕತ್ತರಿಸುವ ಬದಲು ಒಂದೇ ಹಾಳೆಯಲ್ಲಿ ಮುದ್ರಿಸಿ ಮೇಲೆ ಲ್ಯಾಮಿನೇಷನ್ ಹಾಕಿಸುವುದು ಉತ್ತಮ.

ಇನ್ನೂ ಒಂದು ತೊಂದರೆ ಉಂಟು. ಕೆಲವು ಸಾಫ್ಟ್‌ವೇರ್‌ಗಳು ಅರಬಿಯ ಕೂಡಿಕೊಂಡ ಅಕ್ಷರಗಳನ್ನು ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ತಿರುಗಿಸಿ ಬಿಡುತ್ತವೆ. ಅಂಗಡಿಯ ಹುಡುಗನಿಗೆ ಅರಬಿ ಬಾರದಿದ್ದರೆ ಅದು ಗೊತ್ತಾಗುವುದಿಲ್ಲ. ಗ್ಲಾಸಿನ ಒಳಗಿನಿಂದ ಅಂಟಿಸಿ ಹೊರಗಿನಿಂದ ಓದಬೇಕಾದರೆ ಕನ್ನಡಿಯಂತೆ ತಿರುಗಿಸಿ ಮಾಡಬೇಕು, ಅದರಲ್ಲೂ ಎಡವಟ್ಟು ಆಗುತ್ತದೆ. ಕತ್ತರಿಸುವ ಮುಂಚೆ ಪರದೆಯ ಮೇಲೆ ಬಂದದ್ದನ್ನು ಓದಲಿಕ್ಕೆ ಬರುವ ಒಬ್ಬರಿಗೆ ತೋರಿಸಿ. ಮದ್ರಸ ಕಲಿತ ನಿಮ್ಮ ಮಗಳೇ ಸಾಕು.

ಅಂಟಿಸುವ ಕ್ರಮ

ನೂರಕ್ಕೆ ತೊಂಬತ್ತು ತೊಂದರೆಗೆ ಕಾರಣ ಕೊಳೆ ಅಂದರೆ ತಪ್ಪಾಗಲಿಕ್ಕಿಲ್ಲ. ಜಾಗವನ್ನು ಸೋಪುನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ನೂಲುಬಿಡದ ಬಟ್ಟೆಯಿಂದ ಒರೆಸಿ. ಹೆಸರು ಕೇಳಿ ಹೌಹಾರುವುದು ಬೇಡ, ಇದು ಕುಡಿಯುವ ಮದ್ಯ ಅಲ್ಲ, ಪೆಟ್ರೋಲಿಯಂ ಮೂಲದಿಂದ ತಯಾರಾಗುವ ರಾಸಾಯನಿಕ. ಪಾಲಿಶ್, ಮೇಣ ಹಚ್ಚಿದ್ದರೆ ಅದು ಪೂರ್ತಿ ಹೋಗಬೇಕು. ಹೊಸದಾಗಿ ಪೇಂಟ್ ಹೊಡೆಸಿದ ಗಾಡಿಯಾದರೆ ಒಂದು ತಿಂಗಳು ಕಾಯಿರಿ. ಪೇಂಟಿನೊಳಗಿನ ತಿನ್ನರ್ ಆವಿಯಾಗಿ ಹೊರಬರುತ್ತಾ ಇರುತ್ತದೆ, ಆಗಲೇ ಅಂಟಿಸಿದರೆ ಗುಳ್ಳೆ ಖಂಡಿತ.

ಹೊತ್ತೂ ಮುಖ್ಯ. ನಡು ಬಿಸಿಲಿಗೆ ಕಾದ ತಗಡಿಗೆ ಮುಟ್ಟಿಸಿದ ಕೂಡಲೇ ಅಂಟು ಕಚ್ಚಿಕೊಳ್ಳುತ್ತದೆ, ಸರಿಪಡಿಸಲಿಕ್ಕೆ ಆಗುವುದಿಲ್ಲ. ಸುಬ್‌ಹ್ ನಮಾಝ್ ಕಳೆದು ತಂಪು ಇರುವಾಗ, ಇಲ್ಲವೇ ಅಸರ್ ನಂತರ ನೆರಳಿನಲ್ಲಿ ಮಾಡಿ. ಮಳೆಗಾಲದಲ್ಲಿ ಕಾಣದ ತೇವ ಬಾಗಿಲಿನ ಸಂದಿಯಲ್ಲಿ ನಿಂತಿರುತ್ತದೆ, ಹೇರ್ ಡ್ರೈಯರ್ ಹಿಡಿದು ಒಣಗಿಸಿ.

ಮೊದಲು ಸ್ಟಿಕ್ಕರನ್ನು ಹಿಂದಿನ ಕಾಗದ ಸಮೇತ ಜಾಗದಲ್ಲಿ ಇಟ್ಟು ಅಳೆಯಿರಿ. ಮೇಲಿನ ಅಂಚಿಗೆ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಹಾಕಿದರೆ ಅದು ಬಾಗಿಲಿನ ತಿರುಗಣೆಯ ಹಾಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಸ್ಟಿಕ್ಕರನ್ನು ಮೇಲಕ್ಕೆ ಮಗುಚಿ, ಕಾಗದವನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಪ್ಲಾಸ್ಟಿಕ್ ಪಟ್ಟಿಯಿಂದ ಒತ್ತುತ್ತಾ ಬನ್ನಿ. ಪಟ್ಟಿ ವಾಲಿಕೊಂಡಿರಲಿ, ಒತ್ತುವುದು ನಡುವಿನಿಂದ ಹೊರಗೆ, ಒಂದು ಗೆರೆಯ ಮೇಲೆ ಇನ್ನೊಂದು ಸ್ವಲ್ಪ ಬರುವ ಹಾಗೆ. ಮೇಲಿನ ಟ್ರಾನ್ಸ್‌ಫರ್ ಟೇಪನ್ನು ನೇರ ಎಳೆಯದೆ ಹಿಂದಕ್ಕೆ ಮಡಚಿಕೊಂಡು ನಿಧಾನ ತೆಗೆಯಿರಿ. ಗ್ಲಾಸಿಗಾದರೆ ಒಂದು ಲೀಟರ್ ನೀರಿಗೆ ಎರಡು ಮೂರು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಚಿಮುಕಿಸಿಕೊಳ್ಳಬಹುದು, ಆಗ ಸರಿಸಾಡಲಿಕ್ಕೆ ಬರುತ್ತದೆ. ಒತ್ತಿದ ಮೇಲೆ ನೀರು ಆರುವಷ್ಟು ಹೊತ್ತು ಕಾದು ಟೇಪ್ ತೆಗೆಯಬೇಕು. ಯಾವುದೇ ಕ್ರಮದಲ್ಲಿ ಹಾಕಿದರೂ ಎರಡು ಮೂರು ದಿನ ಗಾಡಿ ತೊಳೆಯಬೇಡಿ.

ಗುಳ್ಳೆ, ಸುಕ್ಕು, ಎದ್ದ ಅಂಚು

ಸಣ್ಣ ಗುಳ್ಳೆಗಳಿಗೆ ಗಾಬರಿ ಬೇಡ, ಎಷ್ಟೋ ಗುಳ್ಳೆಗಳು ಕೆಲವು ದಿನದ ಬಿಸಿಲಿಗೆ ತಾನಾಗಿಯೇ ಇಳಿಯುತ್ತವೆ. ದೊಡ್ಡದಾದರೆ ಅದರ ಒಂದು ಬದಿಗೆ ಸಣ್ಣ ಸೂಜಿ ಚುಚ್ಚಿ, ಎದುರು ಬದಿಯಿಂದ ಗಾಳಿಯನ್ನು ರಂಧ್ರದ ಕಡೆಗೆ ಒತ್ತಿ. ಬ್ಲೇಡಿನಿಂದ ಸೀಳಿದರೆ ಆ ಸೀಳು ಬಿಸಿಲಿಗೆ ಬಾಯಿ ಬಿಡುತ್ತದೆ. ಗುಳ್ಳೆಯೊಳಗೆ ಕಸ ಇದ್ದರೆ ಎಷ್ಟು ಒತ್ತಿದರೂ ಹೋಗುವುದಿಲ್ಲ. ಸುಕ್ಕು ಬಿದ್ದರೆ ಅಲ್ಲಿಯವರೆಗೆ ಮೆಲ್ಲಗೆ ಎತ್ತಿ, ಹೇರ್ ಡ್ರೈಯರಿನ ಬಿಸಿ ತೋರಿಸಿ, ಸಡಿಲವಾದ ಮೇಲೆ ಎಳೆಯದೆ ಮತ್ತೆ ಕೂರಿಸಿ. ಎಳೆದು ಕೂರಿಸಿದ್ದು ವಾಪಸ್ ಕುಗ್ಗಿಯೇ ಕುಗ್ಗುತ್ತದೆ.

ಅಂಚು ಎದ್ದರೆ ಮನೆಯಲ್ಲಿರುವ ಗಮ್ ಹಾಕಬೇಡಿ. ಪೇಂಟಿಗೂ ಪೆಟ್ಟು, ನಾಳೆ ತೆಗೆಯಲಿಕ್ಕೂ ಕಷ್ಟ. ಕೂಡಲೇ ಒರೆಸಿ, ಒಣಗಿಸಿ, ಬಿಸಿ ತೋರಿಸಿ ಒತ್ತಿ ನೋಡಿ. ಅಂಟಿಗೆ ಧೂಳು ಹಿಡಿದಿದ್ದರೆ ಅದು ಮತ್ತೆ ಕೂರಲಿಕ್ಕಿಲ್ಲ. ಬರೀ ಚಿತ್ರವಾದರೆ ಆ ತುಂಡನ್ನು ಗುಂಡಗೆ ಕತ್ತರಿಸಿ ತೆಗೆಯಬಹುದು. ಪವಿತ್ರ ನಾಮವಾದರೆ ಪೂರ್ತಿ ತೆಗೆಯುವುದೇ ಅದಬ್. ಸರ್ವೀಸ್ ಸ್ಟೇಷನ್ನಿನಲ್ಲಿ ಜೋರು ನೀರಿನ ಪೈಪನ್ನು ಅಂಚಿಗೆ ನೇರ ಹಿಡಿಯದೆ ಒಂದಡಿಗಿಂತ ದೂರ ಹಿಡಿಯಲು ಹೇಳಿ.

ತೆಗೆಯುವಾಗ

ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಒಂದು ಮೂಲೆಯನ್ನು ಉಗುರಲ್ಲಿ ಎಬ್ಬಿಸಿ, ಮೇಲ್ಮೈಗೆ ಒರಗಿದ ಹಾಗೆ ನಿಧಾನ ಎಳೆಯಿರಿ. ಆಗ ಚೂರಾಗದೆ ಒಂದೇ ಹಾಳೆಯಾಗಿ ಬರುತ್ತದೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಅಥವಾ ನೀಲಗಿರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಸೋಪಿನಲ್ಲಿ ತೊಳೆಯಿರಿ. ತಿನ್ನರ್ ಮುಟ್ಟಿಸಬೇಡಿ, ಪೇಂಟ್ ಹೋಗುತ್ತದೆ. ಹಿಂದಿನ ಗ್ಲಾಸಿನಲ್ಲಿ ಮಂಜು ತೆಗೆಯುವ ಸಣ್ಣ ತಂತಿಗೆರೆ ಇದ್ದರೆ ಬ್ಲೇಡ್ ಹಾಕಬೇಡಿ.

ತೆಗೆದದ್ದನ್ನು ಏನು ಮಾಡುವುದು? ಕುರ್‌ಆನಿನ ಇತರ ಪ್ರತಿಗಳನ್ನು ಉಸ್ಮಾನ್ (ರ.ಅ.) ಸುಡಿಸಿದರು ಅಂತ ಬುಖಾರಿಯಲ್ಲಿ ಉಂಟು. ಹಾಗಾಗಿ ಹಳೆಯ ಹಾಳೆಗಳನ್ನು ನಾವು ಸುಡುತ್ತೇವೆ. ಆದರೆ ಇದು ಕಾಗದ ಅಲ್ಲ, ಪಿವಿಸಿ. ಸುಟ್ಟರೆ ಕಣ್ಣು, ಎದೆ ಉರಿಸುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಇಸ್ಲಾಮಿನಲ್ಲಿ ನೆರೆಯವನಿಗೆ ತೊಂದರೆ ಕೊಡುವುದೂ ಸಲ್ಲದು. ಅಕ್ಷರ ಓದಲಿಕ್ಕೆ ಸಿಗದ ಹಾಗೆ ಕತ್ತರಿಯಿಂದ ಚೂರು ಮಾಡಿ, ಇಲ್ಲವೇ ಜನ ನಡೆದಾಡದ ಶುದ್ಧ ಜಾಗದಲ್ಲಿ ಹೂತುಬಿಡಿ. ಸಂಶಯ ಇದ್ದರೆ ನಿಮ್ಮ ಪಳ್ಳಿಯ ಖತೀಬರನ್ನು ಕೇಳಿ.

ಕೊನೆಗೊಂದು ಮಾತು. ಸವಾರಿ ಹೊರಡುವಾಗಿನ ದುಆ ಸೂರಃ ಅಝ್ಝುಖ್ರುಫ್‌ನ 13 ಮತ್ತು 14ನೇ ಆಯತ್‌ಗಳಲ್ಲಿ ಉಂಟು. ಅದನ್ನು ನಾಲಗೆ ಹೇಳಬೇಕು, ಬರೀ ಗ್ಲಾಸ್ ಹೇಳಿದರೆ ಸಾಲದು. 'ಮಾಶಾ ಅಲ್ಲಾಹ್' ಅಂತ ಬರೆದ ಗಾಡಿ ಶಾಲೆಯ ಎದುರು ಹಾರ್ನ್ ಹಾಕಿಕೊಂಡು ನುಗ್ಗಿದರೆ ನೋಡುವವರು ಬೈಯುವುದು ಚಾಲಕನನ್ನು ಮಾತ್ರ ಅಲ್ಲ, ಆ ಬರಹವನ್ನೂ ಅದರ ಜೊತೆಗೆ ನೆನಪಿಡುತ್ತಾರೆ. ದಾರಿಯಲ್ಲಿರುವ ತೊಂದರೆಯನ್ನು ಸರಿಸುವುದು ಈಮಾನಿನ ಭಾಗ ಅಂತ ಪ್ರವಾದಿ (ಸ.ಅ.) ಕಲಿಸಿದ್ದಾರೆ. ನಮ್ಮ ಗಾಡಿಯೇ ದಾರಿಯ ತೊಂದರೆ ಆಗದಿರಲಿ. ಹೆಸರು ಹಾಕುವುದಾದರೆ ಶುದ್ಧ ಜಾಗದಲ್ಲಿ, ಗಟ್ಟಿಯಾಗಿ ಹಾಕಿ. ಹಾಕಿದ ಮೇಲೆ ಆ ಹೆಸರಿಗೆ ತಕ್ಕ ಹಾಗೆ ಓಡಿಸಿ. ಅಲ್ಲಾಹನು ಎಲ್ಲರನ್ನೂ ಸುರಕ್ಷಿತವಾಗಿ ಮನೆ ಸೇರಿಸಲಿ, ಆಮೀನ್.