ಸೀಮೆಸುಣ್ಣ ಬೇಕಾದ್ದು ಜೂನ್‌ಗೆ, ದುಡ್ಡು ಬಂದದ್ದು ಫೆಬ್ರವರಿಗೆ!

ಸರ್ಕಾರಿ ಹೈಸ್ಕೂಲಿನ ದುಡ್ಡಿನ ಲೆಕ್ಕ ಎಡವಿದರೆ ಪೆಟ್ಟು ಬೀಳೋದು ಎಸ್ಸೆಸ್ಸೆಲ್ಸಿ ಮಕ್ಕಳಿಗೆ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ವಾರ್ಷಿಕ ಅನುದಾನವುಂಟು. 101ರಿಂದ 250 ಮಕ್ಕಳಿದ್ದರೆ 50 ಸಾವಿರ ರೂಪಾಯಿ. ಸೀಮೆಸುಣ್ಣ, ಪ್ರಯೋಗದ ಸಾಮಾನು, ಮುರಿದ ನಲ್ಲಿ ಎಲ್ಲಾ ಅದರಲ್ಲೇ. ಹತ್ತರಲ್ಲೊಂದು ಪಾಲು ನೈರ್ಮಲ್ಯಕ್ಕೇ ಎತ್ತಿಡಬೇಕು.

ಈ ಹಣ ಫೆಬ್ರವರಿಗೆ ಕೈಸೇರಿದರೆ? ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗೀಬೇಕು. ಪಾಠ ಬಿಟ್ಟು ಬಿಲ್ಲು ಹಿಡಿದು ಓಡೋ ಸರದಿ ಹೆಡ್‌ಮಾಸ್ತರರದು. ಗುಮಾಸ್ತರಿಲ್ಲದ ಕಡೆ ಕ್ಯಾಷ್‌ಬುಕ್ಕೂ ಮೇಷ್ಟ್ರ ತಲೆಗೇ. ಅತ್ತ ಪರೀಕ್ಷೆ ಬಾಗಿಲಲ್ಲಿ ನಿಂತಿರುತ್ತೆ! ಯುಗಾದಿ ಸರಕನ್ನು ಹಬ್ಬ ಕಳೆದ ಮೇಲೆ ತರಿಸೋ ಅಂಗಡಿಯವರುಂಟೇ?

ತಡ ಆಗೋದು ಮೇಲಿನವರ ಕೈಯಲ್ಲಿ, ಸರಿ. ಬಂದದ್ದು ಎಲ್ಲಿಗೆ ಹೋಯ್ತು ಅನ್ನೋದು ಊರವರ ಕಣ್ಣೆದುರೇ ಇದೆ. ಎಸ್‌ಡಿಎಂಸಿಯಲ್ಲಿ ಪೋಷಕರೂ ಇದ್ದಾರೆ. ಮುಂದಿನ ಸಭೆಗೆ ಹೋಗಿ ಪಾಸ್‌ಬುಕ್ ತೋರಿಸಿ ಅಂತ ಕೇಳಲಿ.