ತೊಡೆ ತಟ್ಟಿ ಗೆದ್ದ ನೌಕರಿ

ಎರಿ ಭೂಮಿಯಲ್ಲಿ ಕಬಡ್ಡಿ ಅಂಕಣ ಹಾಕುವುದು ಸುಲಭದ ಕೆಲಸವಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ಪಾದಕ್ಕೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಎಲ್ಲಿಂದಲಾದರೂ ಮಸಾರಿ ಮಣ್ಣು ತಂದು ಹರವಿ, ನೀರು ಹೊಡೆದು, ಸುಣ್ಣದ ಗೆರೆ ಎಳೆಯಬೇಕು. ಗಂಡಸರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಣ್ಣುಮಕ್ಕಳಿಗೆ 12 ಮತ್ತು 8. ಜಾತ್ರೆಯ ಹೊನಲು ಬೆಳಕಿನ ಟೂರ್ನಿಗಳಲ್ಲಿ ಹುಡುಗರದೇ ಗದ್ದಲ. ಹುಡುಗಿಯರ ಕಬಡ್ಡಿ ನೋಡಬೇಕೆಂದರೆ ಶಾಲಾ ಕ್ರೀಡಾಕೂಟಕ್ಕೇ ಹೋಗಬೇಕು. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಅಲ್ಲಿನ ಮೆಟ್ಟಿಲುಗಳು. ನಡುವೆ ಹತ್ತನೇ ತರಗತಿ ಮುಗಿದರೆ ಎಷ್ಟೋ ಹುಡುಗಿಯರ ಆಟವೂ ಅಲ್ಲಿಗೇ ಮುಗಿಯಿತು.

ಮೈಗೆ ಮೈ ಕೊಟ್ಟು ಆಡುವ ಆಟದಿಂದ ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆ ನಮ್ಮೂರಿನದಷ್ಟೇ ಅಲ್ಲ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ 1895ರಲ್ಲಿ ರಗ್ಬಿ ಇಬ್ಭಾಗವಾದದ್ದು ಕೂಲಿಯ ಮಾತಿಗೇ. ಶನಿವಾರ ಆಡಲು ಹೋದ ಗಣಿ, ಗಿರಣಿ ಕಾರ್ಮಿಕನಿಗೆ ತಪ್ಪಿದ ಪಗಾರ ಕೊಡಬೇಕು ಎಂದ ಉತ್ತರದ ಕ್ಲಬ್‌ಗಳು ಬೇರೆಯಾದವು. ಅವರ ಆಟವೇ ಮುಂದೆ ರಗ್ಬಿ ಲೀಗ್ ಆಯಿತು. ಆಸ್ಟ್ರೇಲಿಯಾದಲ್ಲಿ ಅದೇ ಆಟದ ದೊಡ್ಡ ಮಹಿಳಾ ಲೀಗ್ ಶುರುವಾಗಲು 2018 ಬರಬೇಕಾಯಿತು, ಅದೂ ನಾಲ್ಕೇ ತಂಡಗಳೊಂದಿಗೆ.

ನಮ್ಮಲ್ಲಿ ಅದಕ್ಕಿಂತ ಎರಡು ವರ್ಷ ಮೊದಲೇ ಒಂದು ಪ್ರಯತ್ನ ನಡೆದಿತ್ತು. 2016ರಲ್ಲಿ ಪ್ರೊ ಕಬಡ್ಡಿ ಜೊತೆಗೇ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ಆಡಿಸಿದರು. ಮೂವರು ನಾಯಕಿಯರಲ್ಲಿ ಇಬ್ಬರು ನಮ್ಮ ರಾಜ್ಯದವರು: ಫೈರ್ ಬರ್ಡ್ಸ್‌ಗೆ ಮಮತಾ ಪೂಜಾರಿ, ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ. ಫೈನಲ್‌ನಲ್ಲಿ ಸ್ಟಾರ್ಮ್ ಕ್ವೀನ್ಸ್ ತಂಡ ಫೈರ್ ಬರ್ಡ್ಸ್ ಅನ್ನು 24–23ರಿಂದ ಸೋಲಿಸಿತು. ಒಂದೇ ಪಾಯಿಂಟಿನ ಆಟ, ಜನರೂ ನೋಡಿದರು. ಆದರೂ ಮುಂದಿನ ವರ್ಷ ಟೂರ್ನಿ ಇಲ್ಲ. ಬೇರೆಯವರ ಲೀಗ್‌ಗಳು ಆಗೀಗ ಬಂದುಹೋದವು, ಯಾವುದೂ ಪ್ರೊ ಕಬಡ್ಡಿಯಂತೆ ಬೇರೂರಲಿಲ್ಲ. ಇತ್ತ ಗಂಡಸರ ಆ ಲೀಗ್‌ನ 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಎರಡೂವರೆ ಕೋಟಿಗೂ ಮೇಲೆ ಹೋದರು. ನೋಡುವವರಿಲ್ಲ ಎಂಬ ನೆವ ನನಗಂತೂ ಒಪ್ಪಿಗೆಯಾಗುವುದಿಲ್ಲ.

ಹಾಗಿದ್ದರೆ ಈ ಆಟಗಾರ್ತಿಯರು ಬದುಕಿದ್ದು ಹೇಗೆ? ರೈಲ್ವೆಯಿಂದ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾಗೆ ದಕ್ಷಿಣ ಮಧ್ಯ ರೈಲ್ವೆಯಲ್ಲಿ ನೌಕರಿ ಸಿಕ್ಕಿತು. ಏಷ್ಯನ್ ಗೇಮ್ಸ್‌ಗೆ ಮಹಿಳಾ ಕಬಡ್ಡಿ ಬಂದದ್ದೇ 2010ರಲ್ಲಿ. ಆಗಲೂ 2014ರಲ್ಲೂ ಚಿನ್ನ ಗೆದ್ದ ತಂಡದಲ್ಲಿ ಮಮತಾ, ತೇಜಸ್ವಿನಿ ಇಬ್ಬರೂ ಇದ್ದರು. ತೇಜಸ್ವಿನಿಗೆ 2011ರಲ್ಲಿ, ಮಮತಾಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2018ರಲ್ಲಿ ಬೆಳ್ಳಿ ಗೆದ್ದ ತಂಡದ ಉಷಾರಾಣಿ ಕರ್ನಾಟಕ ಪೊಲೀಸ್ ಇಲಾಖೆಯವರು. ಲೀಗ್ ಕೊಡದ ಸಂಬಳವನ್ನು ಸರ್ಕಾರಿ ಇಲಾಖೆಗಳು ಕೊಡುತ್ತಿವೆ.

ಆ ಸಂಬಳಕ್ಕೆ ತಕ್ಕ ಕಸುಬು ಎಂಥದೆಂದು ತಿಳಿಯಲು ಒಂದು ರೇಡ್ ನೋಡಿದರೆ ಸಾಕು. ಇರುವುದು ಮೂವತ್ತು ಸೆಕೆಂಡು. ಎದುರಿಗೆ ಆರೋ ಏಳೋ ಜನ ಇದ್ದಾಗ ಬೋನಸ್ ಗೆರೆಯಾಚೆ ಒಂದು ಕಾಲು ಊರಿ, ಹಿಂದಿನ ಕಾಲನ್ನು ನೆಲದಿಂದ ಎತ್ತಿದರೆ ಒಂದು ಪಾಯಿಂಟ್. ಆ ಅರೆಗಳಿಗೆ ರೇಡರ್ ಒಂಟಿ ಕಾಲಿನಲ್ಲಿರುತ್ತಾಳೆ. ಕಾರ್ನರ್‌ನವಳು ಕಾಯುವುದು ಇದಕ್ಕೇ. ಅವಳ ಕಣ್ಣು ರೇಡರ್‌ನ ಮುಖ ಬಿಟ್ಟು ಹಿಮ್ಮಡಿಯ ಮೇಲೆ ನೆಟ್ಟಿರುತ್ತದೆ. ಅವಸರಪಟ್ಟು ನುಗ್ಗಿದರೆ ಬೆರಳು ತಾಗಿ ಪಾಯಿಂಟ್ ಹೋಯಿತು. ಕಾಲುಗಂಟು ಸಿಕ್ಕರೂ ರೇಡರ್ ಒಬ್ಬಳ ಕೈಯಲ್ಲಿ ನಿಲ್ಲುವುದಿಲ್ಲ, ಮಧ್ಯಗೆರೆಯ ತನಕ ಎಳೆದುಕೊಂಡೇ ಹೋಗುತ್ತಾಳೆ. ಅಷ್ಟರಲ್ಲಿ ಕವರ್‌ನವಳು ಅಡ್ಡ ಬಂದು ಎದೆಗೊಟ್ಟು ತಡೆಯಬೇಕು.

ಇದನ್ನು ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತವರು ಮ್ಯಾಟಿಗೆ ಬಂದಾಗ ಪೇಚಿಗೆ ಸಿಗುತ್ತಾರೆ. ಮಣ್ಣಿನಲ್ಲಿ ಕಾಲು ಜಾರಿ ಪೆಟ್ಟು ಕಡಿಮೆಯಾಗುತ್ತದೆ. ಮ್ಯಾಟ್ ಬೂಟನ್ನು ಬಿಡುವುದೇ ಇಲ್ಲ. ಮೈ ತಿರುಗಿದರೂ ಪಾದ ಅಲ್ಲೇ ಉಳಿದು ಮೊಣಕಾಲಿನ ಲಿಗಮೆಂಟ್ ಹರಿಯುತ್ತದೆ. ಅಂಥ ಪೆಟ್ಟಿನಿಂದ ಮರಳಲು ತಿಂಗಳುಗಟ್ಟಲೆ ಬೇಕು.

ಆ ತಿಂಗಳುಗಳು ತುಟ್ಟಿ. ಕ್ರೀಡಾ ಕೋಟಾದಡಿ ರೈಲ್ವೆ ನೌಕರಿಗೆ ವಯಸ್ಸು 18ರಿಂದ 25, ಸಡಿಲಿಕೆ ಇಲ್ಲ. ಕೈಯಲ್ಲಿರುವ ರಾಷ್ಟ್ರಮಟ್ಟದ ಸಾಧನೆಯೂ ಇತ್ತೀಚಿನದೇ ಆಗಿರಬೇಕು. ನೈರುತ್ಯ ರೈಲ್ವೆಯ ಪ್ರಧಾನ ಕಚೇರಿ 2003ರಿಂದ ಹುಬ್ಬಳ್ಳಿಯಲ್ಲೇ ಇದೆ, ಈ ಕಡೆಯ ಹುಡುಗಿಯರಿಗೆ ಕೂಗಳತೆಯಲ್ಲಿ. ತಾಲೀಮಿಗೆ ಶಹರಕ್ಕೆ ಬರಲು ಕುಂದಗೋಳ, ಅಣ್ಣಿಗೇರಿಯವರಿಗೆ ರೈಲಾದರೂ ಉಂಟು. ನವಲಗುಂದ, ಕಲಘಟಗಿಯವರಿಗೆ ಬಸ್ಸೇ ಗತಿ. ಅಲ್ಲಿಂದ ಒಳಹಳ್ಳಿಗೆ ಹೋಗುವ ಸಂಜೆಯ ಬಸ್ಸು ತಪ್ಪಿದರೆ ಮರುದಿನದಿಂದ ಮನೆಯಲ್ಲಿ ಆಟಕ್ಕೆ ಕಳಿಸುವುದಿಲ್ಲ.